ಇಲಿಯ ಹೊಟ್ಟೇಲಿ ನನ್ನ ಬೆಳಕು

ಜಾವಗಲ್ ಕಡೆಯ ಒಂದು ಮದುವೇಲಿ ನಾನು ಒಂದೇ ಪಟ್ಟಿಗೆ ಕೂತು ಇಪ್ಪತ್ತೆರಡು ರಾಗಿಮುದ್ದೆ ಇಳಿಸಿ, ಮೇಲೆ ಒಂದು ಕೊಡ ಮಜ್ಜಿಗೆ ಕುಡಿದು, ನಡ್ಕೊಂಡೇ ನಮ್ಮೂರು ಗಂಡಸಿಗೆ ವಾಪಸ್ ಬಂದು, ನಮ್ಮವ್ವನ ಹತ್ರ "ಊಟಕ್ಕೇನೈತೆ" ಅಂತ ಕೇಳಿದವನು. ಬಡಿಸಿದವನು ಈಗಿಲ್ಲ. ಪಕ್ಕದ ಎಲೆಯವನೂ ಇಲ್ಲ. ಎಣಿಸ್ತೀನಿ ಅಂತ ಎದುರಿಗೆ ಕೂತಿದ್ದವನು ಅರ್ಧಕ್ಕೇ ನಿದ್ದೆ ಹೋಗಿದ್ದ, ಆಮೇಲೆ ಅವನೂ ಹೋದ. ನಮ್ಮವ್ವ ಹೋಗಿ ಎಷ್ಟೋ ವರ್ಷ ಆಯ್ತು. ನನಗಾಗ ಇನ್ನೂ ಮದುವೆಯಾಗಿರಲಿಲ್ಲ, ಹಾಗಾಗಿ ನನ್ನ ಹೆಂಡತಿ ಕೂಡ ಇದನ್ನ ಸುಳ್ಳು ಅನ್ನೋ ಹಾಗಿಲ್ಲ. ನಂಬೋರು ನಂಬಿ. ನಂಬದೋರು ಮೇಲಕ್ಕೆ ಹೋಗಿ ಅವರನ್ನೇ ಕೇಳ್ಕೊಂಡು ಬನ್ನಿ.

ಇಂಥ ಹೊಟ್ಟೆ ಇಟ್ಕೊಂಡೋನ ಸುತ್ತ ಏನಾದರೊಂದು ನಡೀತಾನೇ ಇರ್ತದೆ. ಆದರೆ ಈಚೆಗೆ ನಡೆದದ್ದು ಮಾತ್ರ ನನ್ನ ಬಾಯಿಗೂ ದೊಡ್ಡದು. ಯಾವತ್ತೂ ಇದ್ದದ್ದಕ್ಕೆ ಒಂದಿಷ್ಟು ಸೇರಿಸಿ ಹೇಳೋ ನಾನು, ಇದನ್ನ ಒಂದಿಷ್ಟು ಕಳೆದು ಹೇಳ್ಬೇಕಾಗಿದೆ. ಇಲ್ದಿದ್ರೆ ಯಾರೂ ನಂಬೋಲ್ಲ.

ದನ ಹಿಡ್ಕೊಂಡು ಬಂದೋರು

ಒಂದು ದಿನ ಬೆಳಿಗ್ಗೆ ನಮ್ಮ ಬೀದಿಗೆ ಒಂದು ಜೀಪು ಬಂತು. ಒಳಗಿಂದ ಬಿಳಿ ಕೋಟಿನ ಹುಡುಗಿಯೊಬ್ಬಳು ಇಳಿದಳು. ಕೈಲಿ ನೀಲಿ ಬಣ್ಣದ ಐಸ್ ಪೆಟ್ಟಿಗೆ. ನಮ್ಮೂರಲ್ಲಿ ಐಸ್ ಪೆಟ್ಟಿಗೆ ಇಳೀತು ಅಂದ್ರೆ ಒಂದೇ ಅರ್ಥ, ದನಗಳಿಗೆ ಕಾಲುಬಾಯಿ ರೋಗದ ಸೂಜಿ. ಹುಡುಗಿ ಪೆಟ್ಟಿಗೆ ನೆಲಕ್ಕಿಡೋ ಅಷ್ಟರಲ್ಲಿ ಬೀದಿ ತುಂಬ ಹಸು, ಎಮ್ಮೆ, ಹೋರಿ. ಒಬ್ಬನಂತೂ ತನ್ನ ಎಮ್ಮೆಯ ಹಗ್ಗ ತಂದು ಜೀಪಿನ ಕನ್ನಡಿಗೇ ಕಟ್ಟಿದ.

ಹುಡುಗಿ ಜೀಪಿನ ಬಾಗಿಲಿಗೆ ಒತ್ಕೊಂಡು ನಿಂತು, "ದನ ಬೇಡ, ನನಗೆ ನೀವು ಬೇಕು" ಅಂದಳು.

ಜನ ಎಲ್ಲ ಒಂದು ಹೆಜ್ಜೆ ಹಿಂದಕ್ಕೆ ಸರಿದ್ರು. "ನಮಗೆ ಕಾಲುಬಾಯಿ ಏನೂ ಬಂದಿಲ್ವಲ್ಲ ತಾಯಿ" ಅಂದ ಎಮ್ಮೆಯವನು.

"ಕಾಲಿಗೇನೂ ಇಲ್ಲ, ಬಾಯಿಗೆ ಬಂದು ಬೋ ದಿನ ಆಯ್ತು. ಅದಕ್ಕೊಂದು ಹಾಕಿ ಮೇಡಮ್ಮೋರೆ" ಅಂತ ಅವನ ಹೆಂಡತಿ ಹಿಂದಿನಿಂದ ಹೇಳಿದಳು.

ಆಮೇಲೆ ಮೇಡಮ್ಮು ಬಿಡಿಸಿ ಹೇಳಿದಳು. ಅವಳು ಬೆಂಗಳೂರು ಕಡೆಯ ಒಂದು ದೊಡ್ಡ ಲ್ಯಾಬಿನವಳು. ರಾಗಿ ತಿನ್ನೋರ ಕರುಳಲ್ಲಿ ಎಂಥೆಂಥ ಬ್ಯಾಕ್ಟೀರಿಯಾ ಇವೆ, ಅವು ಒಳಗೆ ಕೂತು ಏನೇನು ಕೆಲಸ ಮಾಡ್ತವೆ ಅಂತ ನೋಡೋದು ಅವಳ ಕಸುಬು. ಅದಕ್ಕೆ ಒಪ್ಪಿದವರು ಬೆಳಗಿನದು ಸ್ವಲ್ಪ, ಅಂದ್ರೆ ಬೆಳಿಗ್ಗೆ ಚೊಂಬು ಹಿಡ್ಕೊಂಡು ಹೋಗಿ ಬಿಟ್ಟು ಬರೋದನ್ನೇ, ಒಂದು ಪುಟ್ಟ ಡಬ್ಬಿಗೆ ಹಾಕಿ ಕೊಡ್ಬೇಕು.

ಆಗ ಎದುರು ಜಗಲಿಯ ಮುದುಕ ಎಲೆಅಡಿಕೆ ಉಗಿದು ಹೇಳಿದ: "ಮೊದ್ಲು ಬಯಲಿಗೆ ಹೋಗ್ಬೇಡಿ ಅಂದ್ರು. ಆಮೇಲೆ ಗುಂಡಿ ತೋಡಿಸಿದ್ರು. ಈಗ ಡಬ್ಬಿ ತಂದವ್ರೆ. ಇನ್ನು ದಿನಾ ಬೆಳಿಗ್ಗೆ ಮನೆ ಬಾಗಿಲಿಗೆ ಡೈರಿ ವ್ಯಾನು ಬತ್ತದೆ, ಲೈನಲ್ಲಿ ನಿಂತ್ಕಳ್ಳಿ."

ಕತ್ತರಿ ಹಿಡ್ಕೊಂಡ ಜನ

ಮೊದಲು ಕೈ ಎತ್ತಿದವನು ನಾನೇ. ನನ್ನ ಹೊಟ್ಟೆ ಬಿಟ್ಟು ಬೇರೆಯವರದನ್ನ ನೋಡಿ ಏನು ಪ್ರಯೋಜನ? ಮೇಡಮ್ಮು ನಮ್ಮ ಜಗಲೀಲೇ ಕೂತು, ನನ್ನ ಹೆಂಡತಿ ಕೊಟ್ಟ ಮಜ್ಜಿಗೆ ಕುಡೀತಾ, ಇಡೀ ಸಂಗತಿ ಹೇಳಿದಳು.

"ತಾತ, ನೀವು ಉಂಡದ್ರಲ್ಲಿ ಜಿಡ್ಡು ಇರತ್ತಲ್ಲ, ಅದನ್ನ ಕರಗಿಸಕ್ಕೆ ಪಿತ್ತರಸ ಬರತ್ತೆ. ಆ ಪಿತ್ತದ ಒಂದೊಂದು ಕಣಕ್ಕೂ ಒಂದು ಬಾಲ ಇದೆ ಅಂದ್ಕೊಳ್ಳಿ. ನಿಮ್ಮ ಕರುಳಿನ ಬ್ಯಾಕ್ಟೀರಿಯಾಗಳ ಹತ್ರ ಒಂದು ಕಿಣ್ವ ಇದೆ, ಕತ್ತರಿ ಥರ. ಅವು ಆ ಬಾಲ ಕತ್ತರಿಸ್ತವೆ."

"ಯಾಕೆ ಕತ್ತರಿಸ್ತವೆ?"

"ಅದನ್ನ ತಿಳ್ಕೊಳ್ಳಕ್ಕೇ ಬಂದಿದೀನಿ. ಮೈಯ ಕೊಬ್ಬಿಗೂ ಸಕ್ಕರೆಗೂ ಆ ಕತ್ತರಿಗೂ ಸಂಬಂಧ ಇರಬಹುದು."

"ಎಷ್ಟು ಜನ ಇದಾರೆ ಅಂಥೋರು, ನನ್ನ ಒಳಗೆ?"

"ಜನ ಅಲ್ಲ ತಾತ, ಬ್ಯಾಕ್ಟೀರಿಯಾ. ಈ ಭೂಮಿ ಮೇಲಿರೋ ಅಷ್ಟೂ ಜನಕ್ಕಿಂತ ಜಾಸ್ತಿ."

ನಾನು ಜಗಲಿ ಕಂಬ ಹಿಡ್ಕೊಂಡೆ. ಅರಸೀಕೆರೆ ಸಂತೇಲಿ ಜನ ನೋಡಿಯೇ ನನಗೆ ತಲೆ ತಿರುಗ್ತದೆ. ಅದರ ಎಷ್ಟೋ ಪಾಲು ಜನ ನನ್ನ ಪಂಚೆ ಗಂಟಿನ ಕೆಳಗೆ ಕತ್ತರಿ ಹಿಡ್ಕೊಂಡು ಕೂತವ್ರೆ, ನಾನು ಅವರ ಮೇಲೇ ಬೆಲ್ಟು ಬಿಗೀತಾ ಇದೀನಿ. "ಸಂಬಳ ಯಾರು ಕೊಡ್ತಾರಮ್ಮ ಅವರಿಗೆ?" ಅಂದೆ.

"ನೀವೇ. ನೀವು ಉಂಡದ್ರಲ್ಲಿ ಉಳಿದದ್ದೇ ಅವುಗಳ ಊಟ."

ಸರಿ, ಅಷ್ಟೊಂದು ಒಳಗಡೆ ಇರೋ ಕತ್ತರಿ ಕಾಣೋದು ಹೆಂಗೆ? ಮೊದಲೆಲ್ಲ ಇಲಿಯ ಹೊಟ್ಟೆ ಕುಯ್ದು ನೋಡ್ತಿದ್ರಂತೆ. ಈಗ ಕುಯ್ಯೋ ಹಾಗಿಲ್ಲ. ಮಿಂಚುಹುಳ ಬೆಳಗೋದಕ್ಕೆ ಒಂದು ವಸ್ತು ಬೇಕಲ್ಲ, ಆ ವಸ್ತುವನ್ನ ಪಿತ್ತದ ಕಣಕ್ಕೆ ಬಾಲದ ಥರ ಕಟ್ಟಿ ಒಳಗೆ ಬಿಡ್ತಾರೆ. ಕತ್ತರಿ ಆಡಿದ್ರೆ ಬಾಲ ಬಿಡಿಸ್ಕೊಳ್ಳತ್ತೆ, ಬೆಳಕು ಹೊರಡತ್ತೆ. ಹೆಚ್ಚು ಕತ್ತರಿ ಆಡಿದ್ರೆ ಹೆಚ್ಚು ಬೆಳಕು. ಹೊರಗಿನಿಂದಲೇ ಕ್ಯಾಮೆರಾದಲ್ಲಿ ಹಿಡೀಬಹುದು. ಆದರೆ ಅದು ನನ್ನ ಹೊಟ್ಟೇಲಲ್ಲ. ನನ್ನ ಡಬ್ಬಿಯ ಬ್ಯಾಕ್ಟೀರಿಯಾ ತಗೊಂಡು ಒಂದು ಇಲಿಗೆ ಕೊಡ್ತಾರೆ. ಮಿಂಚುಹುಳದ ಗುಣವನ್ನ ಮೈಗೆ ಸೇರಿಸಿರೋ ಇಲಿ ಅದು. ಬೆಳಕು ಕಾಣೋದು ಅದರ ಹೊಟ್ಟೇಲಿ.

ಅಷ್ಟು ಹೊತ್ತಿಗೆ ನಮ್ಮ ಬೀಗರು ಬಂದಿದ್ರು. ನನ್ನ ಮಗಳನ್ನ ಹಾರನಹಳ್ಳಿಗೆ ಕೊಟ್ಟಿದೀನಿ. ಇವರು ಮಗಳ ಮಾವ. ನಮ್ಮಿಬ್ಬರ ಮೊಮ್ಮಗನಿಗೆ ಮದುವೆ ಗೊತ್ತಾಗಿತ್ತು. ಬೀಗರೂಟ ಹಾರನಹಳ್ಳೀಲಿ. ನಮ್ಮ ಕಡೆ ಬೀಗರೂಟದಲ್ಲಿ ಮೊದಲ ಪಂಕ್ತಿಯ ಮೊದಲ ಎಲೆ ಅಂದ್ರೆ ಸುಮ್ಮನಲ್ಲ. ಆ ಎಲೆಯಿಂದಲೇ ಬಡಿಸಕ್ಕೆ ಶುರು ಮಾಡೋದು, ಆ ಎಲೆಯವನು ಕೈ ಇಟ್ಟ ಮೇಲೇ ಮಿಕ್ಕವರು ಕೈ ಇಡೋದು. ಹಿರಿಯ ಯಾರೋ ಅವನಿಗೆ ಅದು. ಹುಡುಗನಿಗೆ ನಾನೂ ತಾತ, ಅವರೂ ತಾತ. ಹುಟ್ಟಿದ ವರ್ಷ ಇಬ್ಬರಿಗೂ ಗೊತ್ತಿಲ್ಲ. ಅವರು ಪ್ಲೇಗ್ ಬಂದ ವರ್ಷ ಹುಟ್ಟಿದೆ ಅಂತಾರೆ. ನಾನು ಅದರ ಹಿಂದಿನ ವರ್ಷ ಹುಟ್ಟಿದೆ ಅಂತೀನಿ.

ಮಿಂಚುಹುಳದ ವಿಷಯ ಕೇಳಿ ಬೀಗರ ಕಣ್ಣು ಅರಳಿತು. "ಬೀಗ್ರೇ, ಜಗಳ ಬೇಡ. ನಾನೂ ಡಬ್ಬಿ ಕೊಡ್ತೀನಿ. ಯಾರ ಹೊಟ್ಟೇಲಿ ಬೆಳಕು ಜಾಸ್ತಿಯೋ ಮೊದಲನೇ ಎಲೆ ಅವರದು. ಸೋತೋರು ಪಂಕ್ತಿಗೆ ನೀರು ಹಾಕೋದು."

"ಅಯ್ಯೋ ಇದು ಪಂದ್ಯ ಅಲ್ಲ" ಅಂದಳು ಮೇಡಮ್ಮು. "ಬೆಳಕು ಜಾಸ್ತಿ ಬಂದ್ರೆ ಒಳ್ಳೇದು ಅಂತ ಅಲ್ಲ, ಕಮ್ಮಿ ಬಂದ್ರೆ ಕೆಟ್ಟದ್ದು ಅಂತಾನೂ ಅಲ್ಲ."

ಅವಳ ಮಾತು ಯಾರು ಕೇಳ್ತಾರೆ? ನನಗೆ ಏಳನೇ ನಂಬರಿನ ಡಬ್ಬಿ, ಬೀಗರಿಗೆ ಎಂಟನೇದು. "ಅಜ್ಜಿ, ನೀವೂ ಒಂದು ಕೊಡ್ತೀರಾ?" ಅಂತ ಮೇಡಮ್ಮು ನನ್ನ ಹೆಂಡತೀನ ಕೇಳಿದಳು. ನಾನೇ ಬೇಡ ಅಂದೆ. ಅರ್ಧ ಮುದ್ದೆ ತಿನ್ನೋಳ ಹೊಟ್ಟೇಲಿ ನೋಡೋಕೆ ಏನಿರ್ತದೆ? ನನಗಿದ್ದ ಚಿಂತೆ ಬೇರೆ. ಮೇಡಮ್ಮನ್ನ ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದೆ: "ಇಪ್ಪತ್ತೆರಡು ಮುದ್ದೆ ಹಿಡಿದ ಹೊಟ್ಟೇದು ಕಣಮ್ಮ ಇದು. ಆ ಇಲಿ ಒಡೆದು ಹೋದ್ರೆ ಯಾರು ಜವಾಬ್ದಾರಿ?"

ಎಮ್ಮೆ ಫ್ಯಾಟು

ನನ್ನ ಡಬ್ಬಿ ಹೇಳಿದ ದಿನ, ಹೇಳಿದ ಹೊತ್ತಿಗೆ, ಹೇಳಿದ ಹಾಗೇ ಹೋಯ್ತು. ಎಡವಟ್ಟು ಆದದ್ದು ಬೀಗರದು.

ನಮ್ಮ ಬೀಗರು ಜೀವಮಾನವೆಲ್ಲ ಡೈರಿಗೆ ಹಾಲು ಹಾಕಿದವರು. ಡೈರೀಲಿ ಹಾಲಿಗೆ ಫ್ಯಾಟು ನೋಡ್ತಾರೆ, ಫ್ಯಾಟು ಬಂದಷ್ಟೂ ಮರ್ಯಾದೆ. ಹಸುವಿನ ಹಾಲಲ್ಲಿ ಫ್ಯಾಟು ಏಳದಿದ್ರೆ ಒಂದು ಲೋಟ ಎಮ್ಮೆ ಹಾಲು ಬೆರೆಸಿದ್ರೆ ಆಯ್ತು. ಊರಿಗೆ ಊರೇ ಮಾಡೋ ಕೆಲಸ, ಯಾರೂ ತಪ್ಪು ಅಂದ್ಕೊಳ್ಳೋಲ್ಲ. ಬೀಗರಿಗೆ ತಮ್ಮ ಡಬ್ಬಿ ನೋಡಿ ಅನುಮಾನ ಬಂತು. ತೆಳುವಾಗಿ ಕಾಣ್ತಾ ಐತೆ, ಗಂಡಸಿಯವನದಕ್ಕೆ ಇದು ತಡೆಯಲ್ಲ. ಕೊಟ್ಟಿಗೆಗೆ ಹೋಗಿ, ಎಮ್ಮೆ ಹಿಂದಿನಿಂದ ಒಂದು ಚಮಚ ತಂದು ಬೆರೆಸಿ, ಮುಚ್ಚಳ ಹಾಕಿ ಕೊಟ್ಟುಬಿಟ್ರು.

ವಾರ ಕಳೆದ ಮೇಲೆ ಮೇಡಮ್ಮಿನ ಫೋನು ಬಂತು. ಬೀಗರ ಕೈಗೆ ಫೋನ್ ಕೊಟ್ಟವಳು ನನ್ನ ಮಗಳೇ, ಅವಳೇ ಎಲ್ಲ ಹೇಳಿದ್ದು.

"ತಾತ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೀವು ಹುಲ್ಲು ತಿಂತೀರಾ?"

ಬೀಗರು ತುಸು ಯೋಚನೆ ಮಾಡಿದ್ರು. "ಒಂದೊಂದು ದಿನ" ಅಂದ್ರು.

"ಹಸಿ ಹುಲ್ಲಾ, ಒಣ ಹುಲ್ಲಾ?"

"ಆ ಹೊತ್ತಿಗೆ ಏನಿರ್ತದೋ ಅದು."

"ತಾತ, ನಿಮ್ಮ ಡಬ್ಬೀಲಿ ಇರೋ ಬ್ಯಾಕ್ಟೀರಿಯಾ ನೋಡಿ ಇಲ್ಲಿ ಎಲ್ಲರೂ ತಲೆ ಮೇಲೆ ಕೈ ಹೊತ್ತು ಕೂತಿದಾರೆ. ಇದು ನಾಲ್ಕು ಕಾಲಿಂದು ಅಂತಿದಾರೆ. ಮನೇಲಿ ಬೇರೆ ಯಾರಾದ್ರೂ ಇದಾರಾ? ಫೋನ್ ಕೊಡಿ."

ಫೋನು ನನ್ನ ಮಗಳ ಕೈಗೆ ಬಂತು. ಮೇಡಮ್ಮು ತುಂಬ ಸಣ್ಣ ದನಿ ಮಾಡಿ, "ಅಕ್ಕ, ವಯಸ್ಸಾದವರು, ಊಟ ಹಾಕಿದ್ರೂ ಕೆಲವು ಸಲ ಮರೀತಾರೆ. ನೀವು ಒಂದು ಕಣ್ಣಿಟ್ಟಿರಿ. ಕೊಟ್ಟಿಗೆ ಕಡೆ ಒಬ್ಬರನ್ನೇ ಬಿಡಬೇಡಿ" ಅಂದಳಂತೆ.

ಆಮೇಲೆ ನಿಜ ಹೊರಗೆ ಬಂತು, ಬೀಗರಿಗೆ ಇನ್ನೊಂದು ಡಬ್ಬಿ ಬಂತು, ಅದನ್ನ ಸರಿಯಾಗಿ ಕೊಟ್ರು. ನಾನು ಹಾರನಹಳ್ಳಿಗೆ ಹೋದಾಗ ಅವರಿಗೆ ಒಂದು ಕಂತೆ ಹಸಿ ಜೋಳದ ಮೇವು ತಗೊಂಡು ಹೋಗಿದ್ದೆ. "ಬಸ್ಸಲ್ಲಿ ಬಂದು ಬಾಡೈತೆ ಬೀಗ್ರೇ, ಸ್ವಲ್ಪ ನೀರು ಚಿಮುಕಿಸಿ ಉಣ್ಣಿ" ಅಂದೆ.

ಹಳೇಬೀಡಲ್ಲಿ ಅಗಿದ ಮುದ್ದೆ

ಆ ಕ್ಯಾಮೆರಾ ಕೆಲಸ ಕಲಿಸಕ್ಕೆ ಲ್ಯಾಬಿಗೆ ಯಾವುದೋ ದೂರದ ದೇಶದಿಂದ ಒಬ್ಬ ಪ್ರೊಫೆಸರು ಬಂದಿದ್ದ. ಆರಡಿ ಮೇಲೆ ಎತ್ತರ, ಕೆಂಪು ಮೂಗು. ಅವನಿಗೆ ಬೇಲೂರು ಹಳೇಬೀಡು ನೋಡೋ ಆಸೆ. ಮೇಡಮ್ಮು ನನ್ನನ್ನೂ ಜೀಪಿಗೆ ಹತ್ತಿಸ್ಕೊಂಡಳು. ಈ ಗುಡಿಗಳ ಬಗ್ಗೆ ನನ್ನಷ್ಟು ಬಲ್ಲೋರು ಯಾರಿದಾರೆ? ಒಂದು ಅಕ್ಷರ ಓದದೇ ಇದ್ದದ್ರಿಂದ ನನ್ನ ತಲೇಲಿ ಜಾಗ ಬೇಕಾದಷ್ಟಿತ್ತು.

ಬೇಲೂರಲ್ಲಿ ಅವನು ಸುಮ್ಮನೆ ತಲೆ ಎತ್ಕೊಂಡೇ ಓಡಾಡಿದ. ಹಳೇಬೀಡಿಗೆ ಬಂದ ಮೇಲೆ ಗೋಡೆಯ ಮುಂದೆ ಒಂದು ಕಡೆ ನಿಂತವನು ಕದಲಲೇ ಇಲ್ಲ. ಅಲ್ಲಿ ಭೈರವನ ಜೊತೆ ಕುಣಿಯೋ ಬೇತಾಳ ಇದಾನಲ್ಲ, ಪಕ್ಕೆಲುಬು ಒಂದೊಂದೂ ಎಣಿಸೋ ಹಾಗೆ, ಹೊಟ್ಟೆ ಬೆನ್ನಿಗೆ ಅಂಟಿರೋ ಹಾಗೆ ಕಡೆದಿದಾರೆ.

"ಇವನು ಯಾರು ಅಂತ ಕೇಳ್ತಿದಾರೆ" ಅಂದಳು ಮೇಡಮ್ಮು.

"ಇವನು ಅನ್ನ ಉಂಡೋನು ಅಂತ ಹೇಳಮ್ಮ. ಅಕೋ, ಆ ಕಡೆ ಕುಣೀತಾ ಇರೋ ಗಣಪತಿ ನೋಡು, ಅವನು ಮುದ್ದೆ ಉಂಡೋನು."

ಪ್ರೊಫೆಸರು ಎರಡಕ್ಕೂ ಫೋಟೋ ಹೊಡ್ಕೊಂಡ. ಆಮೇಲೆ ಬೇತಾಳನ ಪಕ್ಕೆ ಹತ್ರ ಮುಖ ತಂದು ಏನೋ ಮೆಲ್ಲಗೆ ಅಂದ. ಮೇಡಮ್ಮು ಹೇಳಿದಳು: "ಕುಯ್ಯದೆ ಒಳಗಡೆ ನೋಡೋ ಆಸೆ ಇದನ್ನ ಕಡೆದವರಿಗೂ ಇತ್ತು ಅಂತಿದಾರೆ." ನಾನು ಆ ಬೇತಾಳನ್ನ ಚಿಕ್ಕಂದಿನಿಂದ ನೋಡಿದೀನಿ. ಯಾವನೋ ಉಳಿ ಹಿಡಿದವನು ಎದುರಿಗಿದ್ದ ಮನುಷ್ಯನ ತೊಗಲು ದಾಟಿ ನೋಡಿದಾನಲ್ಲ ಅನ್ನೋದು ಮಾತ್ರ ಅವತ್ತೇ ತಲೆಗೆ ಹೋಯ್ತು.

ಮಧ್ಯಾಹ್ನ ಬಸ್ ಸ್ಟ್ಯಾಂಡ್ ಹತ್ರದ ಹೋಟ್ಲಲ್ಲಿ ಮುದ್ದೆ ಊಟ ಹೇಳಿದೆ. ಮುದ್ದೆ ಅಂದ್ರೆ ಅಗಿಯೋದಲ್ಲ, ಸಾರಲ್ಲಿ ಅದ್ದಿ ನುಂಗೋದು, ಇದು ನಮ್ಮ ಕಡೆ ಹಾಲು ಹಲ್ಲಿನ ಮಗುವಿಗೂ ಗೊತ್ತು. ಅವನಿಗೆ ಹೇಳೋದು ನಮಗೆ ಹೊಳೀಲಿಲ್ಲ. ಒಂದು ದೊಡ್ಡ ತುತ್ತು ಬಾಯಿಗಿಟ್ಟು ಅಗಿಯಕ್ಕೆ ಶುರು ಮಾಡಿದ. ಅದು ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಮೆತ್ಕೊಂಡಿತು. ಅರಸೀಕೆರೆ ಬಸ್ಸು ಬಂತು, ಅಗೀತಿದ್ದ. ಬಸ್ಸು ಹೋಯ್ತು, ಅಗೀತಿದ್ದ. ಕಣ್ಣಲ್ಲಿ ನೀರು. ಹೋಟ್ಲಿನವನು ಗಾಬರಿಯಾಗಿ ಚೊಂಬು ನೀರು ತಂದ.

ಕಡೆಗೂ ನುಂಗಿದ. ಒರೆಸ್ಕೊಂಡು ಮೇಡಮ್ಮಿಗೆ ಏನೋ ಹೇಳಿದ. ಅವಳು ನಗ್ತಾ ನನಗೆ ತಿಳಿಸಿದಳು: "ನಿಮ್ಮ ಹೊಟ್ಟೆಯ ಬ್ಯಾಕ್ಟೀರಿಯಾ ಆಮೇಲೆ ನೋಡೋಣ, ಮೊದಲು ನಿಮ್ಮ ಹಲ್ಲಿನ ಫೋಟೋ ಬೇಕಂತೆ."

ನಾನು ಬಾಯಿ ಅಗಲಿಸಿ ತೋರಿಸಿದೆ. ಹಲ್ಲೇ ಇಲ್ಲ. ಅವನು ಎದ್ದು ನಿಂತು ಕೈ ಕುಲುಕಿದ.

ಕತ್ತಲೆ ಪೆಟ್ಟಿಗೆ

ಕಡೆಗೆ ಫಲಿತಾಂಶದ ದಿನ ಬಂತು. ಮೇಡಮ್ಮು ನಮ್ಮಿಬ್ಬರನ್ನೂ ಲ್ಯಾಬಿಗೇ ಕರೆಸ್ಕೊಂಡಳು. ಅರಸೀಕೆರೇಲಿ ರೈಲು ಹತ್ತಿ ಹೋದ್ವಿ. ಬೀಗರು ದಾರಿ ಉದ್ದಕ್ಕೂ ನೀರಿನ ಜಗ್ಗು ಹಿಡಿಯೋದು ಹೆಂಗೆ ಅಂತ ನನಗೆ ಹೇಳಿಕೊಡ್ತಾನೇ ಇದ್ರು. "ಸೊಂಟ ಬಗ್ಗಿಸ್ಬೇಕು ಬೀಗ್ರೇ, ಎಲೆ ಮೇಲೆ ಒಂದು ಹನಿ ಬೀಳಬಾರ್ದು."

ಲ್ಯಾಬಿನ ಬಾಗಿಲಲ್ಲಿ ನಾವಿಬ್ಬರೂ ನಾವಾಗೇ ಚಪ್ಪಲಿ ಬಿಟ್ವಿ. ಒಳಗೆ ಗಂಟೆ ಇಲ್ಲ, ಮಂಗಳಾರತಿ ಇಲ್ಲ, ಆದರೂ ಬಿಡ್ಬೇಕು ಅನ್ನಿಸ್ತು. ತಲೆಗೆ ಟೋಪಿ, ಮೈಗೆ ಬಿಳಿ ಕೋಟು, ಕಾಲಿಗೆ ಚೀಲ ಹಾಕಿದ್ರು. ಬೀಗರು ಹೊಸದಾಗಿ ನೆಟ್ಟ ತೆಂಗಿನ ಸಸಿಗೆ ಗೋಣಿ ಸುತ್ತಿದ ಹಾಗೆ ಕಾಣ್ತಿದ್ರು.

ಅಲ್ಲಿ ಬೀರುವಿನಷ್ಟು ದೊಡ್ಡ ಕಪ್ಪು ಪೆಟ್ಟಿಗೆ. ಒಳಗೆ ಬೆಚ್ಚಗಿನ ತಟ್ಟೆ ಮೇಲೆ ಒಂದು ಬಿಳಿ ಇಲಿ ನಿದ್ದೆ ಮಾಡ್ತಾ ಮಲಗಿತ್ತು. ಮಲ್ಲಿಗೆ ಮೊಗ್ಗಿನಷ್ಟು ಮೂಗು, ಉಸಿರಾಡೋದು ಕಾಣ್ತಿತ್ತು. "ಇದು ಏಳನೇ ನಂಬರಿನದು ತಾತ. ಮದ್ದು ಕೊಟ್ಟು ಮಲಗಿಸಿದೀವಿ, ಆಮೇಲೆ ಏಳತ್ತೆ" ಅಂತ ಮೇಡಮ್ಮು ಬಾಗಿಲು ಹಾಕಿದಳು. "ಒಳಗೆ ಈಗ ಸೂಜಿ ಮೊನೆಯಷ್ಟೂ ಬೆಳಕಿಲ್ಲ. ಬರೋ ಬೆಳಕು ನಮ್ಮ ಕಣ್ಣಿಗೆ ಕಾಣಲ್ಲ, ಅಷ್ಟು ಕಮ್ಮಿ. ಕ್ಯಾಮೆರಾಕ್ಕೆ ಮಾತ್ರ ಕಾಣತ್ತೆ. ಅದನ್ನ ಕಂಪ್ಯೂಟರು ಬಣ್ಣ ಮಾಡಿ ನಮಗೆ ತೋರಿಸತ್ತೆ."

ಪರದೆ ಮೇಲೆ ಮೊದಲು ಬೂದಿ ಬಣ್ಣದ ಇಲಿ ಬಂತು, ಹಳೇ ಕಾಲದ ಫೋಟೋದ ಹಾಗೆ. ಸುಮ್ಮನೆ ಕಾಯ್ತಾ ನಿಂತ್ವಿ. ಆಮೇಲೆ ಅದರ ಹೊಟ್ಟೆ ಹತ್ರ ನೀಲಿ ಮಸಿ ಬಿದ್ದ ಹಾಗೆ ಆಯ್ತು. ನೀಲಿ ಒಳಗೆ ಹಸಿರು. ಹಸಿರಿನ ಒಳಗೆ ಹಳದಿ. ನಟ್ಟನಡುವೆ, ಒಲೆ ಬೂದಿ ಕೆದಕಿದ್ರೆ ಕೆಂಡ ಕಾಣ್ತದಲ್ಲ, ಹಾಗೆ ಕೆಂಪು.

"ಅಲ್ಲೇ ತಾತ, ಕತ್ತರಿ ಆಡ್ತಾ ಇರೋದು" ಅಂದಳು ಮೇಡಮ್ಮು.

ಪರದೆಗೆ ಇನ್ನೂ ಹತ್ರ ಹೋಗಿ ನಿಂತೆ. ನಾನು ಉಂಡು ಮಲಗಿದಾಗ, ಹೊಲದಲ್ಲಿದ್ದಾಗ, ಯಾರ ಹತ್ರವೋ ಜಗಳಕ್ಕೆ ನಿಂತಿದ್ದಾಗ, ಇವು ತಮ್ಮ ಪಾಡಿಗೆ ತಾವು ಕತ್ತರಿ ಆಡಿಸ್ತಾ ಇದ್ದವು. ನನ್ನ ಹೆಸರೂ ಅವಕ್ಕೆ ಗೊತ್ತಿಲ್ಲ, ನನ್ನ ಮುದ್ದೆ ಲೆಕ್ಕವೂ ಗೊತ್ತಿಲ್ಲ. ಇಷ್ಟು ವರ್ಷ ನಾನು ಒಬ್ಬನೇ ಅಂದ್ಕೊಂಡು ಎದೆ ಉಬ್ಬಿಸಿ ತಿರುಗಿದೀನಿ. ಒಂದು ಚೂರು ರಕ್ತ ಇಲ್ಲದೆ, ಒಂದು ಗೀರು ಇಲ್ಲದೆ, ತೊಗಲಿನ ಆಚೆಯ ಊರಲ್ಲಿ ದೀಪ ಹಚ್ಚಿದ ಹಾಗೆ ಕಂಡಿತು. ಗೊತ್ತಿಲ್ಲದೆ ನನ್ನ ಕೈ ಮುಗಿದಿತ್ತು.

ಬೀಗರು ಹೆದರಿಬಿಟ್ರು. "ಮೇಡಮ್ಮೋರೆ, ನಮ್ಮ ಬೀಗ್ರಿಗೆ ಏನೋ ಆಗೈತೆ, ಮಾತಾಡ್ತಾ ಇಲ್ಲ. ಬೇಗ ಯಾರನ್ನಾದ್ರೂ ಕರೀರಿ."

ಆಮೇಲೆ ಎಂಟನೇ ನಂಬರಿನ ಇಲಿ ಇಟ್ರು. ಅದರಲ್ಲೂ ಬೆಳಕು ಬಂತು, ನೀಲಿ ಹಸಿರು ಆಯ್ತು, ಆದರೆ ನಡುವೆ ಕೆಂಡ ಏಳಲಿಲ್ಲ. "ಇದರಲ್ಲಿ ಸೋಲು ಗೆಲುವು ಇಲ್ಲ ತಾತ" ಅಂತ ಮೇಡಮ್ಮು ಬೀಗರಿಗೆ ಹೇಳಿದಳು.

"ಗೆದ್ದೋರಿಗೆ ಯಾರೂ ಹಾಗನ್ನಲ್ಲ ಕಣವ್ವ" ಅಂದ್ರು ಬೀಗರು.

ಹೊರಡೋ ಹೊತ್ತಿಗೆ ನನ್ನ ಇಲಿಗೆ ಎಚ್ಚರ ಆಯ್ತು. ಎದ್ದು ಕೂತು ಎರಡು ಕೈಯಲ್ಲಿ ಮೀಸೆ ತೀಡ್ಕೊಂಡಿತು, ಮೂಗು ಎತ್ತಿ ಸುತ್ತ ನೋಡಿತು, ನೆಟ್ಟಗೆ ಕಾಳಿನ ತೊಟ್ಟಿ ಹತ್ರ ಹೋಯ್ತು. ಬೀಗರು ಬಗ್ಗಿ ನೋಡಿ ನಿಟ್ಟುಸಿರು ಬಿಟ್ರು. "ಡಬ್ಬಿ ನಿಮ್ಮದೇ ಬೀಗ್ರೇ, ಇನ್ನು ಅನುಮಾನ ಇಲ್ಲ. ಮದುವೆಗೆ ಅದನ್ನೂ ಕರೀರಿ, ನಿಮ್ಮ ಕಡೆಯೋರ ಸಾಲಲ್ಲಿ ಕೂರಿಸ್ತೀನಿ."

ಮೊದಲ ಎಲೆ

ಬೀಗರೂಟದ ದಿನ ಹಾರನಹಳ್ಳೀಲಿ ಬೀದಿ ಉದ್ದಕ್ಕೂ ಶಾಮಿಯಾನ. ಮುದ್ದೆ ಹಂಡೆಯ ಹಬೆ ಒಂದು ಕಡೆ, ಮಟನ್ ಸಾರಿನ ಘಮ ಒಂದು ಕಡೆ. ಮೊದಲ ಪಂಕ್ತಿಯ ಮೊದಲ ಎಲೆ ಮುಂದೆ ನಾನು, ಜರಿ ಪೇಟ ಸುತ್ಕೊಂಡು. ಬೀಗರು ಪಂಚೆ ಎತ್ತಿ ಕಟ್ಟಿ ಸ್ಟೀಲ್ ಜಗ್ಗು ಹಿಡ್ಕೊಂಡಿದ್ರು. ಮೇಡಮ್ಮೂ ಬಂದಿದ್ದಳು, ನನ್ನ ಎದುರು ಸಾಲಲ್ಲಿ ಕೂರಿಸಿದ್ದೆ. ನನ್ನ ಹೆಂಡತಿ ಬೀಗರ ಮನೆ ಹೆಂಗಸರ ಜೊತೆ ಸೇರ್ಕೊಂಡು ಎಲೆಗೆ ಉಪ್ಪು ಬಡಿಸ್ತಾ ಬರ್ತಿದ್ದಳು.

ಇಂಥ ಸಭೆ ಮತ್ತೆ ಸಿಕ್ತದಾ? ನಾನು ಶುರು ಮಾಡಿದೆ. ಕತ್ತಲೆ ಪೆಟ್ಟಿಗೆ, ನೀಲಿ, ಹಸಿರು, ಕೆಂಡ. ಕೆಂಡ ಹೇಳ್ತಾ ಹೇಳ್ತಾ ಸ್ವಲ್ಪ ಜೋರಾಯ್ತು. ಬೆಳಕು ಎಷ್ಟು ಬಂತು ಅಂದ್ರೆ ಲ್ಯಾಬಿನೋರು ಟ್ಯೂಬ್ ಲೈಟ್ ಆರಿಸಿ ಅದರಲ್ಲೇ ಕೆಲಸ ಮಾಡಿದ್ರು ಅಂದೆ. ಮೇಡಮ್ಮು ಕೆಮ್ಮಿದಳು. ನಾನು ನಿಲ್ಲಿಸಲಿಲ್ಲ.

"ಆ ವಿದೇಶದ ಪ್ರೊಫೆಸರೇ ಬೆರಗಾದ. ಇಂಥ ಕತ್ತರಿ ಎಲ್ಲೂ ನೋಡಿಲ್ಲ ಅಂದ. ಒಂದೊಂದು ಹೊಟ್ಟೆ ಅಂಗೆ ಹುಟ್ಟಿರ್ತದೆ ಕಣ್ರಪ್ಪ, ಎಲ್ಲರಿಗೂ ಬರಲ್ಲ. ಈಗ ನೋಡಿ, ನಮ್ಮನೇಲಿ ಇವಳೂ ಅದೇ ರಾಗಿ ಉಣ್ಣೋದು. ಅರ್ಧ ಮುದ್ದೆಗೇ ಸುಸ್ತು. ಇವಳ ಡಬ್ಬಿ ಕೊಟ್ಟಿದ್ರೆ ಆ ಇಲಿ ಹೊಟ್ಟೇಲಿ ಕಡ್ಡಿ ಗೀರಿ ನೋಡ್ಬೇಕಿತ್ತು."

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ನನ್ನ ಹೆಂಡತಿ ಉಪ್ಪಿನ ಬಟ್ಟಲು ಹಿಡ್ಕೊಂಡು ನನ್ನ ಎಲೆ ಮುಂದೆ ನಿಂತಳು.

"ಯಜಮಾನ್ರೇ, ಡಬ್ಬಿ ಕೊಟ್ಟ ದಿನ ನೀವು ಎಲ್ಲಿದ್ರಿ?"

"ಎಲ್ಲಿದ್ದೆ? ಮನೇಲಿದ್ದೆ."

"ಅವತ್ತು ಕೊಬ್ಬರಿ ಹರಾಜು. ಬೆಳಕು ಹರಿಯೋಕೆ ಮುಂಚೆ ಮೊದಲನೇ ಬಸ್ಸಿಗೆ ಅರಸೀಕೆರೆಗೆ ಹೋದ್ರಿ. ಚೀಲ ಹೊತ್ತು ಬಸ್ಸಿಗೆ ಹಾಕಿದೋಳು ನಾನು."

ನಾನು ಎಲೆ ಮೇಲೆ ನೀರು ಚಿಮುಕಿಸಿ ಒರೆಸಕ್ಕೆ ಶುರು ಮಾಡಿದೆ. ಮೇಡಮ್ಮು ಮುಂದಕ್ಕೆ ಬಗ್ಗಿದಳು. "ಹೌದಲ್ಲ, ಅವತ್ತು ತಾತ ಇರಲಿಲ್ಲ. ಡಬ್ಬಿ ನನ್ನ ಕೈಗೆ ಕೊಟ್ಟಿದ್ದು ನೀವೇ ಅಜ್ಜಿ. ಅವರು ಹೋಗೋ ಮುಂಚೆ ತುಂಬಿಸಿ ಇಟ್ಟು ಹೋಗಿದ್ರಾ?"

"ಎಲ್ಲಿ ತುಂಬಿಸಿದ್ರು? ಮರೆತು ಹೋಗಿದ್ರು, ಆಮೇಲೆ ಕೊಟ್ಟೇ ಇದೀನಿ ಅಂದ್ಕೊಂಡ್ರು. ಡಬ್ಬಿ ಗೂಡಲ್ಲಿ ಖಾಲಿ ಕೂತಿತ್ತು."

"ಮತ್ತೆ ಅದರೊಳಗೆ?"

ನನ್ನ ಹೆಂಡತಿ ಸೆರಗು ಸರಿ ಮಾಡ್ಕೊಂಡಳು. "ನೀವು ಅಷ್ಟು ದೂರದಿಂದ ಜೀಪು ಮಾಡ್ಕೊಂಡು ಬಂದಿದ್ರಿ ಕಣವ್ವ. ಬಾಗಿಲಿಗೆ ಬಂದೋರನ್ನ ಬರಿಗೈಲಿ ಕಳಿಸೋದು ಹೆಂಗೆ ಅಂತ, ಸ್ವಲ್ಪ ಕೂತ್ಕಳ್ಳಿ ಅಂತ ಹೇಳಿ ಒಳಗೆ ಹೋಗಿ ನಾನೇ..." ಅಂದು ಅಷ್ಟಕ್ಕೇ ನಿಲ್ಲಿಸಿದಳು.

ಬೀಗರು ಹಿಡಿದಿದ್ದ ಜಗ್ಗಿನಿಂದ ನೀರು ಯಾರದೋ ಲೋಟ ತುಂಬಿ ಎಲೆ ಮೇಲೆಲ್ಲ ಹರೀತಿತ್ತು, ಅವರಿಗೆ ಪರಿವೆ ಇಲ್ಲ. ಮೇಡಮ್ಮು ಕೈಯಲ್ಲಿ ಬಾಯಿ ಮುಚ್ಕೊಂಡು, "ಅಜ್ಜಿ, ಹಾಗಾದ್ರೆ ಅಷ್ಟೂ ಬೆಳಕು ನಿಮ್ಮದಾ?" ಅಂದಳು. ಹುಡುಗಿಯ ಕಣ್ಣು ಆ ಪರದೆಯ ಹಾಗೇ ಹೊಳೀತಿದ್ದವು.

"ಯಾರಿಗೊತ್ತವ್ವ. ನಾನೇನು ಅದನ್ನ ನೋಡಿದ್ನಾ, ನನ್ನ ಯಾರು ರೈಲು ಹತ್ತಿಸಿದ್ರು?"

ಬೀಗರು ಮೊದಲು ಸುಧಾರಿಸ್ಕೊಂಡ್ರು. ಜಗ್ಗು ಕೆಳಗಿಟ್ಟು ಬಂದು ನನ್ನ ಹೆಂಡತಿ ಕೈಯಿಂದ ಉಪ್ಪಿನ ಬಟ್ಟಲು ಇಸ್ಕೊಂಡ್ರು. "ಬೀಗಿತ್ತಿ, ಬನ್ನಿ, ಕೂತ್ಕಳ್ಳಿ. ಮೊದಲನೇ ಎಲೆ ನಿಮ್ಮದು" ಅಂದ್ರು. ಆಮೇಲೆ ನನ್ನ ಕಡೆ ತಿರುಗಿ ಇಡೀ ಪಂಕ್ತಿಗೆ ಕೇಳೋ ಹಾಗೆ, "ನಾನಾದ್ರೂ ಒಂದು ಚಮಚ ಬೆರೆಸಿದ್ದು ಬೀಗ್ರೇ. ನೀವು ಡಬ್ಬಿಗೆ ಡಬ್ಬೀನೇ ಬೇರೆಯವರದು" ಅಂದ್ರು.

ಅಷ್ಟೂ ಕಣ್ಣು ನನ್ನ ಮೇಲಿದ್ದವು. ನಾನು ಭುಜ ಹಾರಿಸಿದೆ. "ಮದುವೆಯಾದ ದಿನದಿಂದ ಒಂದೇ ಮಡಕೆ ಮುದ್ದೆ ಉಂಡಿದೀವಿ. ಅದರಲ್ಲಿ ನಂದು ಯಾವುದು, ಅವಳದು ಯಾವುದು ಅಂತ ನೀವೇ ವಿಂಗಡಿಸ್ಕೊಳ್ಳಿ" ಅಂತ ಹೇಳಿ, ಪೇಟ ಸರಿ ಮಾಡ್ಕೊಂಡು, ಒಂದೆಲೆ ಪಕ್ಕಕ್ಕೆ ಜರುಗಿ ಕೂತೆ.